ಬಿಸಿಲಿದ್ದಾಗ ಗೀಸರ್ ಹಾಕಬೇಡಿ

ಮಿಸ್ಸಿಸಾಗ, ಒಂಟಾರಿಯೊ

ಒಂಟಾರಿಯೊದಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ,

ಈ ಪತ್ರ ಒಂದು ಅಂಕಿಯ ಬಗ್ಗೆ. ಹೀಟ್ ಪಂಪ್ ಮತ್ತು ಗ್ಯಾಸ್ ಫರ್ನೇಸ್ ಎರಡನ್ನೂ ಜೋಡಿಸಿಕೊಂಡಿರುವ ಮನೆಗಳ ಥರ್ಮೋಸ್ಟಾಟಿನಲ್ಲಿ, ನಾವು ಯಾರೂ ತೆರೆದು ನೋಡದ ಒಂದು ಪುಟದಲ್ಲಿ, ಆ ಅಂಕಿ ಇರುತ್ತದೆ. ಹೊರಗಿನ ಚಳಿ ಎಷ್ಟು ಡಿಗ್ರಿಗೆ ಇಳಿದಾಗ ಪಂಪ್ ನಿಂತು ಫರ್ನೇಸ್ ಹೊತ್ತಿಕೊಳ್ಳಬೇಕು ಎಂದು ತೀರ್ಮಾನಿಸುವುದು ಅದೇ. ನಮ್ಮ ಮನೆಯಲ್ಲಿ ಅದು 5 ಎಂದಿತ್ತು. ಸೊನ್ನೆಯ ಮೇಲಿನ ಐದು. ಏಳು ತಿಂಗಳು ನಾನು ಅದನ್ನು ನೋಡಿಯೇ ಇರಲಿಲ್ಲ.

2023ರ ಜೂನ್‌ನಲ್ಲಿ ನಮ್ಮ ಎ.ಸಿ. ಕೆಟ್ಟಿತು. ಸೆಕೆ ಜೋರಾಗಿತ್ತು, ನಾಳೆಯೇ ಬೇಕು ಎನ್ನುವ ಅವಸರ. ಬೆಲೆ ಹೇಳಲು ಬಂದವರಲ್ಲಿ ಒಬ್ಬರು, ಎ.ಸಿ.ಯ ಬದಲು ಹೀಟ್ ಪಂಪ್ ಹಾಕಿಸಿಕೊಳ್ಳಿ, ಬೇಸಿಗೆಗೆ ತಂಪು ಕೊಡುತ್ತದೆ, ಚಳಿಗಾಲಕ್ಕೆ ಬಿಸಿಯೂ ಕೊಡುತ್ತದೆ ಎಂದರು. ಫರ್ನೇಸಿಗೆ ಆಗ ಇನ್ನೂ ಆರೇ ವರ್ಷ, ಗಟ್ಟಿಯಾಗಿತ್ತು. ಅದನ್ನು ಹಾಗೇ ಬಿಟ್ಟು ಅದರ ತಲೆಯ ಮೇಲೆ ಡಕ್ಟಿನೊಳಗೆ ಹೊಸ ಕಾಯಿಲ್ ಕೂರಿಸಿದರು. ಹೊರಗೆ ಹಳೆಯ ಎ.ಸಿ. ಪೆಟ್ಟಿಗೆ ಇದ್ದ ಜಾಗದಲ್ಲಿ ಅಂಥದ್ದೇ ಇನ್ನೊಂದು ಪೆಟ್ಟಿಗೆ ಬಂತು. ನೋಡುವವರಿಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಒಳಗೆ ಒಂದು ವಾಲ್ವ್ ಹೆಚ್ಚಿಗೆ ಇದೆ. ಶಾಖ ಹೊತ್ತು ತಿರುಗುವ ದ್ರವವನ್ನು ಅದು ಹಿಂದುಮುಂದಾಗಿ ಹರಿಸುತ್ತದೆ, ಬೇಸಿಗೆಯಲ್ಲಿ ಮನೆಯ ಬಿಸಿಯನ್ನು ಹೊರಗೆ ಸಾಗಿಸಿದ ಯಂತ್ರ ಚಳಿಗಾಲದಲ್ಲಿ ಹೊರಗಿನ ಬಿಸಿಯನ್ನು ಮನೆಗೆ ತರುತ್ತದೆ.

ಮೈನಸ್ ಹತ್ತರಲ್ಲಿ ಹೊರಗೆ ಎಂಥ ಬಿಸಿ ಎಂದು ನಿಮಗೆ ಅನ್ನಿಸಬಹುದು. ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೆ ಕೈ ಹಿಡಿದು ನೋಡಿ, ಬೆಚ್ಚಗಿರುತ್ತದೆ. ಅದು ಒಳಗಿನ ತಣ್ಣನೆಯ ಹಾಲು, ಮೊಸರು, ತರಕಾರಿಯಿಂದ ಹೀರಿ ತಂದ ಬಿಸಿ. ಈ ಪೆಟ್ಟಿಗೆಗಳಲ್ಲಿ ಹರಿಯುವ ದ್ರವ ಸಾಮಾನ್ಯ ಒತ್ತಡದಲ್ಲಿ ಮೈನಸ್ ಐವತ್ತರ ಆಸುಪಾಸಿನಲ್ಲೇ ಕುದಿಯುತ್ತದೆ. ಅದಕ್ಕೆ ಮೈನಸ್ ಹತ್ತರ ಗಾಳಿ ಎಂದರೆ ಒಲೆಯ ಮೇಲೆ ಇಟ್ಟ ಹಾಗೆ. ಈ ವಿಚಾರವನ್ನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿ, 1852ರಲ್ಲೇ ಮುಂದಿಟ್ಟಿದ್ದ. ಜ್ಯೂರಿಕ್‌ನ ಪುರಭವನ 1938ರಲ್ಲಿ ಪಕ್ಕದ ಲಿಮ್ಮಾಟ್ ನದಿಯ ತಣ್ಣೀರಿನಿಂದ ಶಾಖ ಎತ್ತಿ ತನ್ನ ಸಭಾಂಗಣಗಳನ್ನು ಬೆಚ್ಚಗಿಟ್ಟುಕೊಂಡಿತು. ಹೊಸದು, ಪರೀಕ್ಷೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಆ ಚಳಿಗಾಲ ಶಿರಸಿಯಿಂದ ನನ್ನ ತಾಯಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಬಂದಿದ್ದಳು. ಮೆಟ್ಟಿಲು ಹತ್ತಿ ಇಳಿಯುವುದು ಅವಳಿಗೆ ಕಷ್ಟವಾದರೂ ಹಟ ಹಿಡಿದು ಬೇಸ್‌ಮೆಂಟಿನ ಕೋಣೆಯನ್ನೇ ಆರಿಸಿಕೊಂಡಳು, ಬೆಳಗಿನ ಜಾವ ಎದ್ದು ಓಡಾಡಿದರೆ ಯಾರ ನಿದ್ದೆಯೂ ಕೆಡಬಾರದು ಎಂದು. ಆ ಕೋಣೆಯ ಗೋಡೆಯ ಆಚೆಗೇ ಫರ್ನೇಸ್. ಜನವರಿಯ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದಳು: “ಹೊರಗೆ ಹಿಮ ಕರಗ್ತಾ ಇದ್ದು, ಒಳಗೆ ಎಂತಕ್ಕೆ ಬೆಂಕಿ ಉರೀತಾ ಇದ್ದು ಕೂಸೆ?”

ಕಿಟಕಿಯಲ್ಲಿ ನೋಡಿದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಮೂರು ಡಿಗ್ರಿ. ಕೆಳಗೆ ಹೋದೆ, ಫರ್ನೇಸಿನ ಪುಟ್ಟ ಗಾಜಿನ ಕಿಂಡಿಯಲ್ಲಿ ನೀಲಿ ಜ್ವಾಲೆ. ಹಿತ್ತಲಿನ ಪೆಟ್ಟಿಗೆ ಸುಮ್ಮನೆ ನಿಂತಿತ್ತು, ಅದರ ಮೇಲಿನ ಹಿಮವೂ ಅಲುಗಿರಲಿಲ್ಲ. ಸಾವಿರಾರು ಡಾಲರ್ ಕೊಟ್ಟು ತಂದ ಯಂತ್ರ ಅದು.

ಅಡಿಕೆ ಸಿಪ್ಪೆ ಒಟ್ಟಿ ಹಂಡೆ ಕಾಯಿಸಿದವಳಿಗೆ ಬೆಂಕಿ ಯಾವಾಗ ಬೇಕು, ಯಾವಾಗ ಬೇಡ ಎಂದು ಗೊತ್ತು. ನಮ್ಮೂರ ಮನೆಯಲ್ಲೂ ಮಾಡಿನ ಮೇಲೆ ಸೋಲಾರ್ ಹೀಟರ್ ಇದೆ, ಬಚ್ಚಲಲ್ಲಿ ಹಂಡೆಯೂ ಇದೆ. ಬೆಂಗಳೂರಿನಲ್ಲಿ ನಿಮ್ಮೆಲ್ಲರ ಮನೆಯಲ್ಲಿ ಸೋಲಾರ್ ಜೊತೆ ಗೀಸರ್ ಇದ್ದಿರಬೇಕು. ಬಿಸಿಲಿದ್ದಷ್ಟು ದಿನ ಸೋಲಾರ್ ನೀರು, ಆಷಾಢದ ಮೋಡ ಕವಿದಾಗ ಗೀಸರ್. ಸೋಲಾರ್ ಬಂತೆಂದು ಗೀಸರ್ ಕಿತ್ತು ಬಿಸಾಡಿದವರನ್ನು ನಾನು ನೋಡಿಲ್ಲ. ಹಾಗೆಯೇ ಏಪ್ರಿಲ್ ಬಿಸಿಲಲ್ಲಿ ಗೀಸರ್ ಹಾಕಿಕೊಂಡು ಕೂತವರನ್ನೂ ನೋಡಿಲ್ಲ. ಹೈಬ್ರಿಡ್ ಎಂದು ಇಲ್ಲಿ ದೊಡ್ಡ ಹೆಸರಿಟ್ಟು ಮಾರುವ ವ್ಯವಸ್ಥೆಯನ್ನು ನಾವು ಹುಟ್ಟಿದಾಗಿನಿಂದ ಬಳಸಿದವರು. ಇಲ್ಲಿಗೆ ಬಂದ ಮೇಲೆ ಮಾತ್ರ ಸ್ವಿಚ್ಚನ್ನು ಬೇರೆಯವರ ಕೈಗೆ ಕೊಟ್ಟು ಮರೆತುಬಿಟ್ಟೆವು.

ಅಳವಡಿಸಿದವರಿಗೆ ಫೋನ್ ಮಾಡಿದೆ. “ಎಲ್ಲರ ಮನೆಯಲ್ಲೂ ಐದೇ ಇಡುತ್ತೇವೆ, ಇಲ್ಲದಿದ್ದರೆ ಗಾಳಿ ತಣ್ಣಗಿದೆ ಎಂದು ದೂರು ಬರುತ್ತದೆ” ಎಂದರು. ದೂರು ಬರಬಾರದು ಎನ್ನುವುದು ಅವರ ಕಡೆಯಿಂದ ಅರ್ಥವಾಗುವ ಮಾತು. ಆದರೆ ಟೊರಾಂಟೊ ಸುತ್ತಮುತ್ತ ಚಳಿಗಾಲದ ಬಹುಪಾಲು ಗಂಟೆಗಳು ಐದಕ್ಕೂ ಮೈನಸ್ ಹತ್ತಕ್ಕೂ ನಡುವೆಯೇ ಕಳೆಯುತ್ತವೆ. ಆ ಐದು ಹೇಳುತ್ತಿದ್ದದ್ದು ಇಷ್ಟೇ: ಈ ಪಂಪ್ ಅಕ್ಟೋಬರಿನಲ್ಲಿ ಒಂದಿಷ್ಟು ದಿನ, ಏಪ್ರಿಲ್‌ನಲ್ಲಿ ಒಂದಿಷ್ಟು ದಿನ ಓಡಲಿ, ಉಳಿದ ಚಳಿಗಾಲ ಮೊದಲಿನ ಹಾಗೆಯೇ ಗ್ಯಾಸ್ ಸುಡಲಿ. ನನಗೆ ಸಿಟ್ಟು ಬಂದದ್ದು ಅಂಕಿಗಿಂತ ಹೆಚ್ಚಾಗಿ, ಅಂಥದ್ದೊಂದು ಅಂಕಿ ಇದೆ ಎಂದು ನಮಗೆ ಹೇಳದೆ ಹೋದದ್ದಕ್ಕೆ.

ಹಾಗಾದರೆ ಎಷ್ಟಿರಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬಿಲ್ಲುಗಳನ್ನೂ ಎದುರಿಗಿಟ್ಟುಕೊಳ್ಳಿ.

ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ನೀರು ಕೈಗೆಟುಕುವಷ್ಟು ಮೇಲಿರುತ್ತದೆ, ನಾಲ್ಕು ಸಲ ಜಗ್ಗಿದರೆ ಕೊಡ ಬಂತು. ಏಪ್ರಿಲ್ ಹೊತ್ತಿಗೆ ತಳ ಕಂಡಿರುತ್ತದೆ, ಅದೇ ಒಂದು ಕೊಡಕ್ಕೆ ತೋಳು ಸೋಲುತ್ತದೆ. ಹೀಟ್ ಪಂಪ್ ಸೇದುವುದು ಶಾಖವನ್ನು. ಹೊರಗೆ ಎಂಟು ಡಿಗ್ರಿ ಇದ್ದಾಗ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್‌ನಷ್ಟು ಶಾಖ ಎತ್ತಿ ಕೊಡುತ್ತದೆ. ಸೊನ್ನೆಯ ಹತ್ತಿರ ಮೂರು. ಚಳಿನಾಡಿಗೆಂದೇ ಮಾಡಿದ ಒಳ್ಳೆಯ ಯಂತ್ರವಾದರೆ ಮೈನಸ್ ಹದಿನೈದರಲ್ಲೂ ಎರಡರ ಆಸುಪಾಸು. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ, ನಿಮ್ಮ ಯಂತ್ರದ ಕೋಷ್ಟಕ ಕೇಳಿ ಪಡೆಯಿರಿ.

ಇನ್ನು ಗ್ಯಾಸ್. ಒಂದು ಘನ ಮೀಟರಿನಲ್ಲಿ ಸುಮಾರು ಹತ್ತೂವರೆ ಯೂನಿಟ್ ಶಾಖ ಇರುತ್ತದೆ. ನೂರಕ್ಕೆ ತೊಂಬತ್ತೈದು ಪಾಲು ಹಿಡಿದಿಡುವ ಫರ್ನೇಸ್ ಆದರೆ ಮನೆಗೆ ಬರುವುದು ಹತ್ತು. ಬಿಲ್ಲಿನಲ್ಲಿ ಬಳಕೆಗೆ ತಕ್ಕಂತೆ ಏರಿಳಿಯುವ ಮೊತ್ತವನ್ನೆಲ್ಲ ಕೂಡಿಸಿ ಘನ ಮೀಟರಿಗೆ 40 ಸೆಂಟ್ ಆಯಿತೆನ್ನಿ. ಯೂನಿಟ್ ಶಾಖಕ್ಕೆ 4 ಸೆಂಟ್. ಕರೆಂಟು ಎಲ್ಲ ಸೇರಿ 12 ಸೆಂಟ್ ಬಿದ್ದರೆ, ಪಂಪ್ ಒಂದಕ್ಕೆ ಮೂರು ಕೊಟ್ಟಾಗ ಎರಡೂ ಸರಿಸಮ. ಅಂದರೆ ದುಡ್ಡು ಒಂದನ್ನೇ ನೋಡಿದರೆ ಪಂಪಿನಿಂದ ಫರ್ನೇಸಿಗೆ ಹೊರಳುವ ಗೆರೆ ಸೊನ್ನೆಯ ಹತ್ತಿರ ಬೀಳುತ್ತದೆ.

ಮೊದಲು ಹೀಗಿರಲಿಲ್ಲ. 2024ರ ಏಪ್ರಿಲ್‌ನಿಂದ ಗ್ಯಾಸಿನ ಮೇಲೆ ಕೇಂದ್ರ ಸರ್ಕಾರದ ಇಂಗಾಲ ಶುಲ್ಕ ಘನ ಮೀಟರಿಗೆ 15.25 ಸೆಂಟ್ ಇತ್ತು. ಅದೂ ಸೇರಿ ಗ್ಯಾಸ್ 55 ಸೆಂಟ್ ಆಗಿದ್ದರೆ, ಮೈನಸ್ ಐದರಲ್ಲೂ ಪಂಪೇ ಅಗ್ಗ. 2025ರ ಏಪ್ರಿಲ್ 1ರಂದು ಆ ಶುಲ್ಕ ರದ್ದಾಯಿತು. ಗ್ಯಾಸ್ ಇಳಿಯಿತು, ಗೆರೆ ಮೇಲೇರಿತು. ಯಾವುದೋ ಒಂದು ಜೂನ್‌ನಲ್ಲಿ ಯಾರೋ ಒತ್ತಿ ಹೋದ ಅಂಕಿ ಹತ್ತು ವರ್ಷ ಹಾಗೇ ಇರಲು ಸಾಧ್ಯವಿಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ದರಪಟ್ಟಿ ಬದಲಾದಾಗಲೆಲ್ಲ ಅದನ್ನು ತೆರೆದು ನೋಡಬೇಕು.

ಗಡಿಯಾರದ ಲೆಕ್ಕ ಇದಕ್ಕಿಂತ ದೊಡ್ಡದು. 2023ರ ಮೇ 1ರಿಂದ ನಮ್ಮ ಪ್ರಾಂತದಲ್ಲಿ ರಾತ್ರಿ ಅಗ್ಗದ ದರದ ಒಂದು ಯೋಜನೆ ಇದೆ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಕರೆಂಟು ತೀರಾ ಅಗ್ಗ. ಶುರುವಾದಾಗ ಯೂನಿಟ್ಟಿಗೆ 2.4 ಸೆಂಟ್ ಇತ್ತು, ಆಮೇಲೆ ಏರಿದೆ. ಪ್ರತಿಯಾಗಿ ಕೆಲಸದ ದಿನಗಳಲ್ಲಿ ಸಂಜೆ 4ರಿಂದ 9 ತೀರಾ ದುಬಾರಿ. ಎಲೆಕ್ಟ್ರಿಕ್ ಕಾರು ಇರುವವರಿಗೆ ಎಂದುಕೊಂಡು ನಮ್ಮವರು ಬಹಳ ಮಂದಿ ಇದನ್ನು ಕಣ್ಣೆತ್ತಿ ನೋಡುವುದಿಲ್ಲ. ಪಂಪ್ ಮತ್ತು ಫರ್ನೇಸ್ ಎರಡೂ ಇರುವ ಮನೆಗೆ ಇದಕ್ಕಿಂತ ಒಪ್ಪುವ ಯೋಜನೆ ಇಲ್ಲ. ಉಳಿದ ಶುಲ್ಕ ಸೇರಿಸಿ ರಾತ್ರಿಯ ಯೂನಿಟ್ಟಿಗೆ ಏಳು ಸೆಂಟ್ ಬಿದ್ದರೂ, ಒಂದಕ್ಕೆ ಎರಡು ಕೊಡುವ ಮೈನಸ್ ಹದಿನೈದರ ರಾತ್ರಿಯಲ್ಲೂ ಪಂಪೇ ಗ್ಯಾಸಿಗಿಂತ ಅಗ್ಗ. ಅದೇ ಸಂಜೆ ಆರಕ್ಕೆ ಎಷ್ಟೇ ಒಳ್ಳೆಯ ಪಂಪ್ ಆದರೂ ದುಡ್ಡಿನಲ್ಲಿ ಸೋಲುತ್ತದೆ, ಆ ಐದು ಗಂಟೆ ಫರ್ನೇಸ್ ದುಡಿಯಲಿ. ನಮ್ಮ ಥರ್ಮೋಸ್ಟಾಟಿನಲ್ಲಿ ಹೊತ್ತಿಗೆ ತಕ್ಕಂತೆ ಗೆರೆ ಬದಲಿಸುವ ಸೌಕರ್ಯ ಇರಲಿಲ್ಲ, ಅದಿರುವ ಇನ್ನೊಂದನ್ನು ಹಾಕಿಸಿಕೊಂಡೆ. ಹೊಸದಾಗಿ ಕೊಳ್ಳುವವರು ಯಂತ್ರದ ಬೆಲೆ ಕೇಳುವ ಮೊದಲು ಇದನ್ನು ಕೇಳಿ.

ನಮ್ಮ ಮನೆಯ ಗೆರೆ ಈಗ ಹಗಲಿಗೆ ಮೈನಸ್ ಎಂಟು, ರಾತ್ರಿಗೆ ಮೈನಸ್ ಹದಿನೈದು. ಹಗಲಿನ ಲೆಕ್ಕ ದುಡ್ಡಿನ ಲೆಕ್ಕಕ್ಕೆ ತಾಳೆಯಾಗುವುದಿಲ್ಲ ಎಂದು ನಿಮ್ಮಲ್ಲಿ ಚುರುಕಾದವರು ಆಗಲೇ ಹಿಡಿದಿರುತ್ತೀರಿ. ಅದು ನಾನು ಬೇಕೆಂದೇ ಮಾಡಿದ್ದು. ಮೈನಸ್ ಐದರ ದಿನ ನಮ್ಮ ಮನೆಗೆ ನೂರು ಯೂನಿಟ್ ಶಾಖ ಬೇಕೆನ್ನಿ. ಆ ಚಳಿಗೆ ಪಂಪ್ ಒಂದಕ್ಕೆ ಎರಡೂವರೆ ಕೊಡುತ್ತದೆ. ನಲವತ್ತು ಯೂನಿಟ್ ಕರೆಂಟು, 4 ಡಾಲರ್ 80 ಸೆಂಟ್. ಗ್ಯಾಸ್ ಆದರೆ ಹತ್ತು ಘನ ಮೀಟರ್, 4 ಡಾಲರ್. ದಿನಕ್ಕೆ 80 ಸೆಂಟ್ ಹೆಚ್ಚು. ಹತ್ತು ಘನ ಮೀಟರ್ ಸುಟ್ಟರೆ ಸುಮಾರು 19 ಕಿಲೋ ಇಂಗಾಲದ ಡೈಆಕ್ಸೈಡ್ ಚಿಮಣಿಯಿಂದ ಹೊರಟುಹೋಗುತ್ತದೆ. ವರ್ಷಕ್ಕೆ ಎರಡು ಸಾವಿರ ಘನ ಮೀಟರ್ ಸುಡುವ ಮನೆಯಿಂದ 3.8 ಟನ್. ಆ 80 ಸೆಂಟನ್ನು ನಾನು ಮನಸಾರೆ ಕೊಡುತ್ತೇನೆ. ನಿಮಗೆ ಕೊಡಲಾಗದಿದ್ದರೆ ತಪ್ಪೇನಿಲ್ಲ, ಗೆರೆಯನ್ನು ಸೊನ್ನೆಗೆ ಇಡಿ. ನಮ್ಮಲ್ಲಿ ಮನೆ ಸಾಲದ ಕಂತಿಗೇ ಏದುಸಿರು ಬಿಡುತ್ತಿರುವವರು ಎಷ್ಟು ಮಂದಿ ಎಂದು ನನಗೆ ಗೊತ್ತಿದೆ. ಲೆಕ್ಕ ನೀವೇ ಹಾಕಿ, ನೀವೇ ನಿರ್ಧರಿಸಿ, ಅಷ್ಟೇ.

ಕರೆಂಟೂ ಹೊಗೆಯಿಂದಲೇ ಬರುತ್ತದಲ್ಲವೇ ಎಂದು ನಮ್ಮ ಕನ್ನಡ ಕೂಟದಲ್ಲಿ ಯಾವಾಗಲೂ ಒಬ್ಬರು ಕೇಳುತ್ತಾರೆ. ಊರಿನ ಅನುಭವದಿಂದ ಕೇಳುವ ಪ್ರಶ್ನೆ ಅದು, ರಾಯಚೂರಿನ ಕಲ್ಲಿದ್ದಲು ನೋಡಿದವರು ಕೇಳಲೇಬೇಕು. ಒಂಟಾರಿಯೊ ಕಲ್ಲಿದ್ದಲಿನ ವಿದ್ಯುತ್ತನ್ನು 2014ರಲ್ಲಿ ಪೂರ್ತಿ ನಿಲ್ಲಿಸಿತು. ಇಲ್ಲಿನ ಕರೆಂಟಿನ ಅರ್ಧದಷ್ಟು ಬ್ರೂಸ್, ಡಾರ್ಲಿಂಗ್ಟನ್, ಪಿಕರಿಂಗ್ ಅಣುಸ್ಥಾವರಗಳಿಂದ ಬರುತ್ತದೆ, ದೊಡ್ಡ ಪಾಲು ಜಲವಿದ್ಯುತ್ತು. ಈ ಸ್ಥಾವರಗಳ ಭಾರಜಲದ ವಿನ್ಯಾಸವೇ ಕೆನಡಾದಿಂದ ರಾಜಸ್ಥಾನದ ರಾವತ್‌ಭಾಟಕ್ಕೆ ಹೋಗಿ, ಅಲ್ಲಿಂದ ಭಾರತದವರ ಕೈಯಲ್ಲಿ ಬೆಳೆದು ನಮ್ಮ ಕೈಗಾಕ್ಕೆ ಬಂದಿತು. ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಇಲ್ಲೂ ಗ್ಯಾಸ್ ಸುಡುವ ವಿದ್ಯುತ್ ಸ್ಥಾವರಗಳು ಓಡುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಪಂಪನ್ನು ನಿಲ್ಲಿಸಿ ನಡುರಾತ್ರಿ ಓಡಿಸಲು ಅದೂ ಒಂದು ಕಾರಣ.

ಹೈಬ್ರಿಡ್ ಎನ್ನುವುದು ಗ್ಯಾಸ್ ಬಿಡಲಾರದವರ ಅರೆಮನಸ್ಸಿನ ದಾರಿ ಎಂದು ಎದುರು ವಾದ ಇದೆ. ಅದನ್ನು ನಾನು ಲಘುವಾಗಿ ತಳ್ಳಿಹಾಕುವುದಿಲ್ಲ. ಗ್ಯಾಸ್ ಸಂಪರ್ಕ ಇರುವವರೆಗೆ ಒಂದು ಹನಿ ಬಳಸದಿದ್ದರೂ ತಿಂಗಳಿಗೆ ಇಪ್ಪತ್ತು ಡಾಲರ್‌ಗೂ ಹೆಚ್ಚು ಖಾಯಂ ಶುಲ್ಕ ಬೀಳುತ್ತಲೇ ಇರುತ್ತದೆ. ಹೊಸ ಮನೆ ಕಟ್ಟಿಸುವವರು, ಫರ್ನೇಸ್ ಹದಿನೆಂಟು ಇಪ್ಪತ್ತು ವರ್ಷ ಹಳತಾಗಿ ಹೋಗುವುದರಲ್ಲಿದೆ ಎನ್ನುವವರು ಪೂರ್ತಿ ಕರೆಂಟಿನ ಕಡೆಗೇ ಯೋಚಿಸಿ. ಆದರೆ ಚೆನ್ನಾಗಿ ನಡೆಯುತ್ತಿರುವ ಫರ್ನೇಸನ್ನು ಕಿತ್ತು ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಮನೆಗಳಲ್ಲಿ ಕರೆಂಟಿನ ಪ್ಯಾನೆಲ್ ನೂರು ಆಂಪಿಯರಿನದು. ಕಡು ಚಳಿಗೆಂದು ಹತ್ತು ಕಿಲೋವಾಟಿನ ವಿದ್ಯುತ್ ಕಾಯಿಲ್ ಸೇರಿಸಿದರೆ ಅದೊಂದೇ ನಲವತ್ತಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಪ್ಯಾನೆಲ್ ಬದಲಿಸಬೇಕಾಗುತ್ತದೆ. ಫರ್ನೇಸ್ ಇದ್ದರೆ ಆ ಖರ್ಚು ಸದ್ಯಕ್ಕೆ ಇಲ್ಲ.

ಪಕ್ಕದ ಕ್ವಿಬೆಕ್ ಈ ಜೋಡಿ ವ್ಯವಸ್ಥೆಯನ್ನು ದಶಕಗಳಿಂದ ಸಲೀಸಾಗಿ ನಡೆಸಿಕೊಂಡು ಬಂದಿದೆ. ಎರಡು ಇಂಧನದ ಮನೆಗಳಿಗೆ ಅಲ್ಲಿ ಬೇರೆಯದೇ ದರ ಇದೆ. ಹೊರಗೆ ಮೈನಸ್ ಹನ್ನೆರಡು ಆಗುವವರೆಗೆ, ಇನ್ನೂ ಚಳಿಯ ಕಡೆ ಮೈನಸ್ ಹದಿನೈದರವರೆಗೆ, ಕರೆಂಟು ಅಗ್ಗ. ಅದಕ್ಕಿಂತ ಕೆಳಗಿಳಿದರೆ ದರ ಹಲವು ಪಟ್ಟು ಏರುತ್ತದೆ, ಮನೆ ತಾನಾಗಿ ಇನ್ನೊಂದು ಇಂಧನಕ್ಕೆ ಹೊರಳುತ್ತದೆ. ಕಾರಣ ಸ್ಪಷ್ಟ. 2023ರ ಫೆಬ್ರುವರಿ 3ರ ಆ ಭಯಂಕರ ಚಳಿಯಲ್ಲಿ ಕ್ವಿಬೆಕ್‌ನ ವಿದ್ಯುತ್ ಬೇಡಿಕೆ 43,000 ಮೆಗಾವಾಟ್ ದಾಟಿತು. ವರ್ಷದ ಕೆಲವೇ ಗಂಟೆಗಳಿಗಾಗಿ ಹೊಸ ಅಣೆಕಟ್ಟು ಕಟ್ಟುವ ಬದಲು, ಆ ಗಂಟೆಗಳಲ್ಲಿ ಕೆಲವು ಮನೆಗಳು ಪಕ್ಕಕ್ಕೆ ಸರಿದರೆ ಸಾಕು. ಅಲ್ಲಿ ಗೆರೆಯನ್ನು ಸಾರ್ವಜನಿಕ ಹಿತ ನೋಡಿ ಎಳೆದಿದ್ದಾರೆ. ನಮ್ಮ ಕಡೆ ಅದು ಅಳವಡಿಸುವವರ ಅಭ್ಯಾಸಕ್ಕೆ ಬಿಟ್ಟುಹೋಗಿದೆ.

ಕೆಲವು ಸಣ್ಣ ಮಾತುಗಳು, ಅನುಭವದಿಂದ ಕಲಿತವು. ಪಂಪಿನ ಗಾಳಿ ಫರ್ನೇಸಿನದರಷ್ಟು ಸುಡುವುದಿಲ್ಲ. ಫರ್ನೇಸ್ ಐವತ್ತು ಡಿಗ್ರಿಯ ಗಾಳಿಯನ್ನು ಹತ್ತು ನಿಮಿಷ ಊದಿ ನಿಲ್ಲುತ್ತದೆ, ಪಂಪ್ ಮೂವತ್ತೈದರ ಗಾಳಿಯನ್ನು ಹೊತ್ತುಗಟ್ಟಲೆ ಬಿಡುತ್ತದೆ. ಗಾಳಿ ಬರುವ ಕಿಂಡಿಯ ಎದುರು ಕೈ ಹಿಡಿದು ಬಿಸಿಯಿಲ್ಲ ಎಂದು ಗಾಬರಿಯಾಗಬೇಡಿ, ಕೋಣೆಯ ನಡುವೆ ನಿಂತು ನೋಡಿ. ಆಯಿ ಮೊದಲ ಎರಡು ದಿನ ಶಾಲು ಬಿಗಿದುಕೊಂಡು ಕೂತಿದ್ದಳು. ಮೂರನೆಯ ದಿನ ಶಾಲು ಕುರ್ಚಿಯ ಮೇಲಿತ್ತು. ಸಿಪ್ಪೆಯ ಕೆಂಡದ ಮೇಲಿನ ಹಂಡೆಯ ಹಾಗೆ ಎಂದಳು, ಉರಿ ಕಾಣುವುದಿಲ್ಲ, ನೀರು ಆರುವುದಿಲ್ಲ.

ಆಗಾಗ ಹೊರಗಿನ ಪೆಟ್ಟಿಗೆಯ ಮೇಲೆ ಮಂಜು ಕಟ್ಟುತ್ತದೆ, ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ತಾನೇ ಹಿಂದುಮುಂದಾಗುತ್ತದೆ. ಆಗ ಬುಸ್ಸನೆ ಆವಿ ಏಳುತ್ತದೆ. ನಮ್ಮ ಪಕ್ಕದ ಮನೆಯವರು ಬೆಂಕಿ ಬಿದ್ದಿದೆ ಎಂದು ಓಡಿ ಬಂದಿದ್ದರು. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸಿ ಕೂರಿಸಲು ಬಿಡಬೇಡಿ, ಹಿಮ ತುಂಬಿದರೆ ಉಸಿರು ಕಟ್ಟುತ್ತದೆ, ಒಂದು ಮೊಳ ಎತ್ತರದ ಸ್ಟ್ಯಾಂಡ್ ಬೇಕು.

ರಾತ್ರಿ ಮಲಗುವಾಗ ಥರ್ಮೋಸ್ಟಾಟನ್ನು ನಾಲ್ಕೈದು ಡಿಗ್ರಿ ಇಳಿಸುವ ಉಳಿತಾಯದ ಅಭ್ಯಾಸ ನಮ್ಮವರಲ್ಲಿ ಗಟ್ಟಿಯಾಗಿದೆ. ಫರ್ನೇಸ್ ಒಂದೇ ಇದ್ದಾಗ ಅದು ಸರಿ. ಪಂಪ್ ಬಂದ ಮೇಲೆ ಬಿಡಿ. ಬೆಳಿಗ್ಗೆ ಒಮ್ಮೆಲೇ ಐದು ಡಿಗ್ರಿ ಏರಿಸಿದರೆ, ಪಂಪಿನಿಂದ ಬೇಗ ಆಗದು ಎಂದು ಥರ್ಮೋಸ್ಟಾಟ್ ಫರ್ನೇಸನ್ನೇ ಕರೆಯುತ್ತದೆ. ಅಗ್ಗದ ರಾತ್ರಿ ಕರೆಂಟನ್ನೂ ಬಿಟ್ಟಂತೆ, ಬೆಳಗಿನ ಗ್ಯಾಸನ್ನೂ ಸುಟ್ಟಂತೆ.

ಕರೆಂಟು ಹೋದರೆ ಗ್ಯಾಸ್ ಕಾಪಾಡುತ್ತದೆ ಎಂದು ನಂಬಿದವರಿಗೆ ಒಂದು ಮಾತು. ಫರ್ನೇಸಿನ ಫ್ಯಾನು ಓಡುವುದೂ ಕರೆಂಟಿನಿಂದಲೇ. 2013ರ ಡಿಸೆಂಬರಿನ ಹಿಮಮಳೆಯಲ್ಲಿ ಟೊರಾಂಟೊದ ಲಕ್ಷಾಂತರ ಮನೆಗಳು ಕತ್ತಲಾದವು, ಕೆಲವು ಕಡೆ ದಿನಗಟ್ಟಲೆ. ಗ್ಯಾಸ್ ಕೊಳವೆ ತುಂಬಿಯೇ ಇದ್ದರೂ ಮನೆಗಳು ತಣ್ಣಗಾದವು. ಆ ಭಯಕ್ಕೆ ಮದ್ದು ಬೇಕಿದ್ದರೆ ಬ್ಯಾಟರಿಯದೋ ಜನರೇಟರಿನದೋ ಏರ್ಪಾಡನ್ನು ಬೇರೆಯೇ ಮಾಡಿಕೊಳ್ಳಬೇಕು.

ಎ.ಸಿ. ಹತ್ತು ವರ್ಷ ದಾಟಿದವರು ಅದು ಕೆಡುವುದನ್ನು ಕಾಯಬೇಡಿ. ಅಕ್ಟೋಬರಿನಲ್ಲೋ ಏಪ್ರಿಲ್‌ನಲ್ಲೋ ಬಿಡುವಾಗಿ ಬೆಲೆ ಕೇಳಿ. ಜೂನ್ ಸೆಕೆಯಲ್ಲಿ ಬೆವರುತ್ತಾ ಕೇಳಿದರೆ ಗೋದಾಮಿನಲ್ಲಿ ಇದ್ದದ್ದು ಸಿಗುತ್ತದೆ, ನಿಮಗೆ ಬೇಕಾದದ್ದಲ್ಲ.

ಥರ್ಮೋಸ್ಟಾಟಿನ ಆ ಪುಟ ತೆರೆಯುವುದು ಗೊತ್ತಾಗದಿದ್ದರೆ ಕನ್ನಡ ಕೂಟದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಅದರ ಒಂದು ಫೋಟೋ, ಕಳೆದ ಜನವರಿಯ ಎರಡು ಬಿಲ್ಲು ತನ್ನಿ. ಊಟದ ಪಂಕ್ತಿ ಮುಗಿದ ಮೇಲೆ ಕೂತು ನೋಡೋಣ.

ಇಂತಿ ನಿಮ್ಮ,
ಶಿರಸಿ ಕಡೆಯ ಒಬ್ಬಳು ಅಕ್ಕ

ವಿ.ಸೂ.: ನಮ್ಮ ಪರಿಚಯದ ಹಿರಿಯ ದಂಪತಿಯೊಬ್ಬರು, ತಿಂಗಳ ಬಾಡಿಗೆಗೆ ಹೀಟ್ ಪಂಪ್ ಕೊಡುತ್ತೇವೆ ಎಂದವರ ಕಾಗದಕ್ಕೆ ಸಹಿ ಹಾಕಿ ಬಹಳ ನೊಂದರು. ಮನೆಬಾಗಿಲಿಗೆ ಬಂದು ಫರ್ನೇಸ್, ಎ.ಸಿ.ಯಂಥವನ್ನು ಮಾರುವುದನ್ನು ಒಂಟಾರಿಯೊ 2018ರ ಮಾರ್ಚ್ 1ರಿಂದಲೇ ನಿಷೇಧಿಸಿದೆ. ಇಂಥ ಸಾಮಾನಿನ ಹೆಸರಿನಲ್ಲಿ ಮನೆಯ ದಾಖಲೆಯ ಮೇಲೆ ಹಕ್ಕು ನೋಂದಾಯಿಸುವುದನ್ನೂ 2024ರ ಜೂನ್‌ನಲ್ಲಿ ನಿಲ್ಲಿಸಿದೆ. ಊರಿಂದ ಬಂದ ಅಪ್ಪ ಅಮ್ಮ ಹಗಲು ಇಬ್ಬರೇ ಮನೆಯಲ್ಲಿರುವುದಾದರೆ ಇದನ್ನು ಅವರಿಗೆ ಓದಿ ಹೇಳಿ. ಬಾಗಿಲಿಗೆ ಯಾರೇ ಬರಲಿ, ಗ್ಯಾಸ್ ಬಿಲ್ಲನ್ನು ಕೈಗೆ ಕೊಡಬಾರದು.